ಭರಮಪ್ಪ ನೋಡಿದ ಹಸಿರು

ಡೇಟಾಬೇಸ್ ಎಂದರೆ ಒಂದು ಡಬ್ಬಿ, ಹಾಕಿದ್ದನ್ನು ಇಟ್ಟುಕೊಳ್ಳುತ್ತದೆ, ಕೇಳಿದರೆ ಕೊಡುತ್ತದೆ ಎಂದು ತಿಳಿದುಕೊಂಡು ಈ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹಾಗಿಲ್ಲ. ಆ ಡಬ್ಬಿಯವರೆಗೆ ಹೋಗುವ ದಾರಿಯೊಂದಿದೆ. ಕೇಳುವವನು ಈ ಕಡೆ, ಉತ್ತರ ಆ ಕಡೆ, ನಡುವೆ ದಾರಿ. ನನ್ನ ನೌಕರಿಯ ಕೊನೆಯ ಎಂಟು ವರ್ಷ ಆ ದಾರಿ ಕಾಯುವುದರಲ್ಲೇ ಹೋದವು. ಪುಸ್ತಕಗಳಲ್ಲಿ ಇದನ್ನು ಚಂದ ಮಾಡಿ ಬರೆದಿರುತ್ತಾರೆ. ನನಗೆ ಚಂದ ಮಾಡುವುದು ಬರುವುದಿಲ್ಲ. ಮಾಡಿದ್ದು, ಕೆಡಿಸಿದ್ದು ಎರಡನ್ನೂ ಹೇಳುತ್ತೇನೆ, ಓದುವುದಾದರೆ ಓದಿ.

ನನ್ನ ಹೆಸರು ಶಾಂತಾ ಕಾಂಬಳೆ, ಊರು ನಿಪ್ಪಾಣಿ ತಾಲೂಕಿನ ಅಕ್ಕೋಳ. ಕೃಷ್ಣಾ ನದಿಯಿಂದ ನೀರೆತ್ತಿ ಹೊಲಗಳಿಗೆ ಕೊಡುವ ಏತ ನೀರಾವರಿ ಸಂಘಗಳು ನಮ್ಮ ಕಡೆ ಇವೆಯಲ್ಲ, ಅಂಥವು ಕೆಲವು ಸೇರಿ ಮಾಡಿಕೊಂಡ ಒಂದು ಒಕ್ಕೂಟದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಆಮೇಲೆ ಯಾವ ವರ್ಷ ಏನಾದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಉಳಿದವರು ದೂರ ಸರಿದರು, ನಾನು ಹತ್ತಿರ ಹೋದೆ, ಅಷ್ಟೇ. ರಾತ್ರಿ ಶಾಲೆ ಕಲಿತಂತೆ ಒಬ್ಬಳೇ ಕಲಿತೆ.

ಕಂಪ್ಯೂಟರ್ ರೂಮು ಚಿಕ್ಕೋಡಿ ಆಫೀಸಿನ ಹಿಂದೆ, ಮೊದಲು ಪೈಪು ತುಂಬಿಡುತ್ತಿದ್ದ ಕೋಣೆ. ಯಂತ್ರಕ್ಕೆ ತಂಪು ಬೇಕೆಂದು ಎ.ಸಿ. ಹಾಕಿದ್ದರು. ಬೇಸಿಗೆಯಲ್ಲಿ ಊರೆಲ್ಲ ಬೆವರುವಾಗ ನಾನು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ಮಧ್ಯಾಹ್ನ ಉಳಿದವರು ಆಫೀಸಿನ ದೊಡ್ಡ ಹಾಲ್‌ನಲ್ಲಿ ಬುತ್ತಿ ಬಿಚ್ಚಿ, ಪಲ್ಯ ಹಂಚಿಕೊಂಡು, ನಗಾಡುತ್ತ ಉಣ್ಣುವುದು ಗೋಡೆಯಾಚೆ ಕೇಳುತ್ತಿತ್ತು. ನನಗೆ ಯಾರೂ ಬರಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ನಮ್ಮ ಕೇರಿ ಯಾವುದು, ಮನೆಯ ಗೋಡೆಯ ಮೇಲೆ ಯಾರ ಫೋಟೋ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ರೊಟ್ಟಿ, ಶೇಂಗಾ ಚಟ್ನಿಯನ್ನು ಯಂತ್ರದ ಮುಂದೆ ಕೂತು ತಿನ್ನುತ್ತಿದ್ದೆ. ಮದುವೆ ಮಾಡಿಕೊಂಡಿರಲಿಲ್ಲ, ಅವ್ವ ಹೋದ ಮೇಲೆ ಮನೆಯಲ್ಲೂ ಊಟ ಹೀಗೇ ಆಯಿತು.

ಇನ್ನು ಕೆಲಸದ ಮಾತು. ಮೊದಲು ನಮ್ಮ ಪೈಪ್‌ಲೈನಿನ ಮಾಹಿತಿಯೆಲ್ಲ ಬೇರೆ ಬೇರೆ ಪಟ್ಟಿಗಳಲ್ಲಿತ್ತು. ಒಂದರಲ್ಲಿ ಪಂಪು, ಒಂದರಲ್ಲಿ ಚೇಂಬರು, ಒಂದರಲ್ಲಿ ವಾಲು, ಒಂದರಲ್ಲಿ ರೈತರ ಹೆಸರು. ಚೇಂಬರ್ ಎಂದರೆ ಪೈಪಿನ ದಾರಿಯಲ್ಲಿ ಕಟ್ಟಿದ, ಮನುಷ್ಯ ಇಳಿಯುವಷ್ಟು ಆಳದ ತೊಟ್ಟಿ; ವಾಲ್ ಎಂದರೆ ನೀರು ಬಿಡುವ, ತಡೆಯುವ ಚಕ್ರ. ಇಂಗ್ಲಿಷಿನಲ್ಲಿ ಅದರ ಬಾಲಕ್ಕೆ ಇನ್ನೊಂದು ಅಕ್ಷರವಿದೆ, ನಮ್ಮಲ್ಲಿ ಯಾರೂ ಅದನ್ನು ಎಳೆಯುವುದಿಲ್ಲ. ‘ಈ ವಾಲ್ ಬಂದ್ ಮಾಡಿದರೆ ಕೆಳಗೆ ಯಾರ್ಯಾರಿಗೆ ನೀರು ನಿಲ್ಲುತ್ತದೆ?’ ಎಂದು ಕೇಳಿದರೆ ಯಂತ್ರ ಪಟ್ಟಿಗೆ ಪಟ್ಟಿ ಜೋಡಿಸುತ್ತ ಸುಸ್ತಾಗಿಬಿಡುತ್ತಿತ್ತು. ಗ್ರಾಫ್ ಡೇಟಾಬೇಸ್ ಬಂದ ಮೇಲೆ ವಾಲ್ ಒಂದು ಚುಕ್ಕೆ, ಚೇಂಬರ್ ಒಂದು ಚುಕ್ಕೆ, ನಡುವಿನ ಪೈಪು ಒಂದು ಗೆರೆ. ಗೆರೆ ಹಿಡಿದು ಕೆಳಗೆ ನಡೆದರೆ ಉತ್ತರ ಸಿಗುತ್ತದೆ. ವಾಲ್‌ಮನ್‌ಗಳ ತಲೆಯೊಳಗಿದ್ದ ನಕಾಶೆಯೂ ಹಾಗೇ ಇತ್ತು, ಹೀಗಾಗಿ ಅವರಿಗೆ ಹೇಳಿಕೊಡುವುದು ಕಷ್ಟವಾಗಲಿಲ್ಲ. ಆಫೀಸಿನವರಿಗೆ ಹೇಳಿಕೊಡುವುದೇ ಕಷ್ಟವಾಯಿತು.

ಒಂದೇ ಡೇಟಾಬೇಸನ್ನು ಮೂರು ಯಂತ್ರಗಳಲ್ಲಿ ಇಟ್ಟಿದ್ದೆವು: ಅಥಣಿ, ಚಿಕ್ಕೋಡಿ, ನಿಪ್ಪಾಣಿ. ಒಂದು ಕಡೆ ಕರೆಂಟು ಹೋದರೆ ಇನ್ನೊಂದು ಇರಲಿ ಎಂದು. ಮೂವರಲ್ಲಿ ಒಬ್ಬ ಮುಖಂಡ. ಹೊಸದಾಗಿ ಬರೆಯುವುದೇನಿದ್ದರೂ ಅವನ ಹತ್ತಿರವೇ ಬರೆಯಬೇಕು. ಉಳಿದ ಇಬ್ಬರು ಅವನನ್ನು ನೋಡಿ ನಕಲು ಮಾಡಿಕೊಳ್ಳುತ್ತಾರೆ. ಓದುವುದಾದರೆ ಯಾರ ಹತ್ತಿರವಾದರೂ ಓದಬಹುದು. ಹೆಚ್ಚಾಗಿ ಅಥಣಿಯ ಯಂತ್ರವೇ ಮುಖಂಡ. ವಾಲ್‌ಮನ್‌ಗಳ ಮೊಬೈಲಿನಲ್ಲಿದ್ದ ಆ್ಯಪ್ ನೇರವಾಗಿ ಈ ಯಂತ್ರಗಳ ಹತ್ತಿರ ಹೋಗುವುದಿಲ್ಲ. ಚಿಕ್ಕೋಡಿಯಲ್ಲಿ ನನ್ನ ಕೋಣೆಯಲ್ಲಿದ್ದ ನಡುವಿನ ಪ್ರೋಗ್ರಾಮಿಗೆ ಕೇಳುತ್ತದೆ, ಅದರೊಳಗೆ ‘ಡ್ರೈವರ್’ ಎಂಬುದು ಇರುತ್ತದೆ, ಡೇಟಾಬೇಸಿನ ಭಾಷೆ ಬಲ್ಲದ್ದು ಅದೊಂದೇ. ಆ ನಡುವಿನ ಪ್ರೋಗ್ರಾಂ ಬರೆದವಳು ನಾನು. ಆದ್ದರಿಂದ ಮುಂದೆ ಹೇಳುವ ತಪ್ಪುಗಳಿಗೆ ಬೇರೆ ಯಾರನ್ನೂ ಹುಡುಕಬೇಡಿ.

ಮೊದಲ ತಪ್ಪು. ಡೇಟಾಬೇಸಿನೊಂದಿಗೆ ಮಾತಾಡಲು ಸಂಪರ್ಕ ಬೇಕು. ಡ್ರೈವರ್ ಅಂಥ ಸಂಪರ್ಕಗಳನ್ನು ಒಂದಷ್ಟು ತೆರೆದು ಇಟ್ಟುಕೊಂಡಿರುತ್ತದೆ. ಕೇಳಿದವರಿಗೆ ಕೊಡುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ನೀರಿನ ಹರವಿಯ ಮೇಲಿನ ಚರಗಿ ಇದ್ದಂತೆ: ನೀರು ಕುಡಿದವನು ಚರಗಿ ಅಲ್ಲೇ ಇಟ್ಟು ಹೋಗಬೇಕು. ನಾನು ಇಡುತ್ತಿರಲಿಲ್ಲ. ಪ್ರತಿ ಪ್ರಶ್ನೆಗೂ ಸಂಪರ್ಕವೊಂದನ್ನು ಹಿಡಿದು ಒಂದು ಸೆಶನ್ ತೆರೆಯುತ್ತಿದ್ದೆ, ಮುಚ್ಚುವ ಸಾಲು ಬರೆಯುವುದನ್ನೇ ಮರೆತಿದ್ದೆ. ಮಧ್ಯಾಹ್ನದ ಹೊತ್ತಿಗೆ ಚರಗಿಗಳೆಲ್ಲ ಖಾಲಿ, ಆ್ಯಪ್ ಗಪ್ಪುಚಿಪ್ಪು. ಪ್ರೋಗ್ರಾಂ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತಿತ್ತು, ಹೀಗಾಗಿ ಮೂರು ವಾರ ದಿನಾ ಊಟದ ಹೊತ್ತಿಗೆ ಅದನ್ನೇ ಮಾಡಿದೆ. ಮೂಲ ಹುಡುಕುವ ಗೋಜಿಗೆ ಹೋಗಲಿಲ್ಲ.

ಆಗಲೇ ಅಲಖನೂರಿನ ವಾಲ್‌ಮನ್ ಭರಮಪ್ಪನ ಫೋನ್ ಮೊದಲ ಸಲ ಬಂದದ್ದು.

“ನಮಸ್ಕಾರ್ರಿ ಅಕ್ಕಾರ. ನಾ ಅಲಖನೂರ ಭರಮಪ್ಪರಿ. ಒಂದ ಮಾತ ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ.”

“ಏನ್ರಿ?”

“ನಿಮ್ಮ ಕಂಪ್ಯೂಟರ್ ದಿನಾ ಇಷ್ಟೊತ್ತಿಗೇ ಊಟಕ್ಕ ಹೋಗತೈತೇನ್ರಿ? ಹಂಗಿದ್ರ ನಾವೂ ಆವಾಗ ಉಣ್ತೀವಿ, ಬರೋಬ್ಬರಿ ಆಗತೈತಿ.”

ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಆ ಕೋಣೆಯಲ್ಲಿ ನಾನು ಜೋರಾಗಿ ನಕ್ಕದ್ದು ಅದೇ ಮೊದಲು. ಅಂದು ಸಂಜೆಯೊಳಗೆ ಮುಚ್ಚದ ಸೆಶನ್ ಹುಡುಕಿ ಮುಚ್ಚಿದೆ. ಮರುದಿನ ಮಧ್ಯಾಹ್ನ ಅವನೇ ಫೋನ್ ಮಾಡಿ, “ಇವತ್ತ ಉಪವಾಸ ಏನ್ರಿ ಅದಕ್ಕ?” ಎಂದು ಕೇಳಿದ.

ಅಲ್ಲಿಂದ ಏಳು ವರ್ಷ ಅವನ ಫೋನ್ ಬರುತ್ತಿತ್ತು. ಮೊದಮೊದಲು ಕೆಲಸಕ್ಕೆ, ಆಮೇಲೆ ಕೆಲಸದ ನೆಪಕ್ಕೆ. ಕಬ್ಬು ಎಷ್ಟು ಎತ್ತರ ಬಂದಿದೆ, ಹಾರೂಗೇರಿ ಸಂತೆಯಲ್ಲಿ ಯಾರು ಸಿಕ್ಕಿದ್ದರು, ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ. ನಾನು ‘ರಿ’ ಹಚ್ಚಿ ಮಾತಾಡಿದರೆ, “ನನಗ ಅನ್ರಿ-ಗಿನ್ರಿ ಬ್ಯಾಡ್ರಿ ಅಕ್ಕಾರ, ನಾ ನಿಮಗಿಂತ ಸಣ್ಣಾವ” ಎಂದ. ನನಗೆ ತಮ್ಮಂದಿರಿರಲಿಲ್ಲ. ಅವನ ಮುಖ ನೋಡಿರಲಿಲ್ಲ, ಅವನೂ ನನ್ನದು ನೋಡಿರಲಿಲ್ಲ. ಒಮ್ಮೆ, “ಅಕ್ಕಾರ, ಊಟ ಆತೇನ್ರಿ?” ಎಂದು ಕೇಳಿದ. ಆ ಆಫೀಸಿನಲ್ಲಿ ಆ ಮಾತನ್ನು ನನಗೆ ಕೇಳಿದವನು ಅವನೊಬ್ಬನೇ, ಅದೂ ನಲವತ್ತು ಕಿಲೋಮೀಟರ್ ದೂರದಿಂದ. ಫೋನ್ ಇಟ್ಟ ಮೇಲೆ ನನಗೆ ಅಳು ಬಂದಿತ್ತು. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದು ಕೇಳಬೇಡಿ, ಹೇಳಬೇಕಾಗಿದೆ.

ಎರಡನೆಯದು ಕಾಗವಾಡ ಕಡೆಯ ಅಣ್ಣಪ್ಪನ ಪ್ರಕರಣ. ದ್ರಾಕ್ಷಿ ತೋಟದ ಹಿರಿಯರು. ರೈತರ ನೀರಿನ ಪಾಳಿ ಸುರುವಾದ ಕೂಡಲೇ ಡೇಟಾಬೇಸಿನಲ್ಲಿ ಬರೆದು, ಅವರ ಮೊಬೈಲಿಗೆ ‘ನಿಮ್ಮ ಪಾಳಿ ಸುರುವಾಗಿದೆ’ ಎಂದು ಸಂದೇಶ ಕಳಿಸುವ ಕೆಲಸವನ್ನೂ ನಾನೇ ಬರೆದಿದ್ದೆ. ಈಗ ಕೇಳಿ. ಬರೆಯುವಾಗ ನಡುವೆ ನೆಟ್ ತಪ್ಪಿದರೆ ಡ್ರೈವರ್ ಸುಮ್ಮನಿರುವುದಿಲ್ಲ, ಅದೇ ಕೆಲಸವನ್ನು ಮೊದಲಿನಿಂದ ಮತ್ತೆ ಮಾಡುತ್ತದೆ. ಅದು ಅದರ ಒಳ್ಳೆಯ ಗುಣ. ಡೇಟಾಬೇಸಿನಲ್ಲಿ ಎರಡು ಸಲ ಬೀಳುವುದಿಲ್ಲ. ಅರ್ಧ ಆದದ್ದನ್ನು ಅಳಿಸಿ ಮತ್ತೆ ಬರೆಯುತ್ತದೆ. ಆದರೆ ನಾನು ಜಾಣಿ, ಸಂದೇಶ ಕಳಿಸುವ ಸಾಲನ್ನೂ ಆ ಕೆಲಸದ ಒಳಗೇ ತುರುಕಿದ್ದೆ. ಹೋದ ಸಂದೇಶವನ್ನು ಅಳಿಸುವವರು ಯಾರು? ಅಣ್ಣಪ್ಪನಿಗೆ ಒಂದೇ ಪಾಳಿಗೆ ಮೂರು ಸಂದೇಶ ಹೋದವು.

ನಮ್ಮ ಕಾರ್ಯದರ್ಶಿ ಮಗದುಮ್ಮ ಸಾಹೇಬರು ಫೋನ್ ಮಾಡಿದರು. “ಬಾಯಾರ, ಅಣ್ಣಪ್ಪ ವಾಲಿನ ಬಾಜೂಕ ಖುರ್ಚಿ ಹಾಕ್ಕೊಂಡ ಕುಂತಾನ, ಏಳವಲ್ಲ. ನೀವ ಮಾತಾಡ್ರಿ.”

ಅಣ್ಣಪ್ಪ ಫೋನಿನಲ್ಲಿ ತಣ್ಣಗೆ ಹೇಳಿದರು: “ಒಂದ ಸಲ ಹೇಳಿದ್ರ ಒಂದ ಪಾಳಿ. ನೀವ್ ಮೂರ ಸಲ ಹೇಳೀರಿ, ಮೂರ ಪಾಳಿ ನಂದು. ನಾ ಕಾಯದೆ ಓದಿಲ್ಲ ಬೇ, ಆದ್ರ ಮೊಬೈಲ್ ಓದಾಕ ಬರತೈತಿ ನನಗ.”

ಕೆಳಗಿನ ಹೊಲದವರೆಲ್ಲ ಬೊಬ್ಬೆ ಹಾಕುತ್ತಿದ್ದರು. ಅಣ್ಣಪ್ಪ ಎದ್ದದ್ದು ಎರಡನೇ ಪಾಳಿ ಅರ್ಧ ಮುಗಿದ ಮೇಲೆ, ಅದೂ ಸೊಸೆ ಬಂದು ಬೈದಾಗ. ಸಾಹೇಬರು ನನಗೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ನೀವು ನೆನಪಿಡಬೇಕಾದದ್ದು ಇಷ್ಟೇ: ಮತ್ತೆ ಮತ್ತೆ ಆಗಬಹುದಾದ ಕೆಲಸದೊಳಗೆ, ಒಮ್ಮೆ ಮಾತ್ರ ಆಗಬೇಕಾದದ್ದನ್ನು ಇಡಬಾರದು. ಬರೆದದ್ದು ಖಾತ್ರಿಯಾದ ಮೇಲೆ, ಹೊರಗೆ ಬಂದು ಸಂದೇಶ ಕಳಿಸಿ.

ಇದೇ ಸಾಹೇಬರ ಬಗ್ಗೆ ಒಂದು ಮಾತು. ಕೆಟ್ಟವರಲ್ಲ. ಅವರಿಗೆ ಕಂಪ್ಯೂಟರ್ ಎಂದರೆ ದೇವರ ಮಾತು. ಮೀಟಿಂಗಿನಲ್ಲಿ ಯಾರಾದರೂ ಎದುರಾಡಿದರೆ, “ಕಂಪ್ಯೂಟರಿನ್ಯಾಗ ಐತಲ್ಲ, ಮತ್ತೇನ?” ಎನ್ನುತ್ತಿದ್ದರು. ಆ ಮಾತು ಕೇಳಿ ಒಳಗೊಳಗೆ ಖುಷಿಪಡುತ್ತಿದ್ದವಳು ನಾನೇ. ಮಾತಾಡಿಸುವವರಿಲ್ಲದವಳಿಗೆ ತನ್ನ ಕೆಲಸದ ಮೇಲಿನ ನಂಬಿಕೆಯೂ ಒಂದು ಮರ್ಯಾದೆಯೇ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ.

ಚೇಂಬರಿನೊಳಗೆ ಕಸ, ಪ್ಲಾಸ್ಟಿಕ್, ಜೊಂಡು ಬಂದು ಜಾಳಿಗೆಗೆ ಸಿಕ್ಕಿಕೊಳ್ಳುತ್ತದೆ. ಒಬ್ಬರು ಇಳಿದು ತೆಗೆಯಬೇಕು. ಆಗ ಮೇಲಿನ ವಾಲ್ ಬಂದ್ ಇರಬೇಕು, ಇಲ್ಲದಿದ್ದರೆ ನೀರು ನುಗ್ಗುತ್ತದೆ. ಇದಕ್ಕೆ ವಾಲ್‌ಮನ್‌ಗಳಲ್ಲಿ ಒಂದು ರೂಢಿ ಇತ್ತು, ‘ಮಾತು ಕೊಡುವುದು’ ಎನ್ನುತ್ತಿದ್ದರು. ಇಳಿಯುವವನು ಮೇಲಿನ ವಾಲಿನವನಿಗೆ ಫೋನ್ ಮಾಡಿ, “ಇಳಿಯಾಕತ್ತೀನಿ” ಎನ್ನಬೇಕು. ಮೇಲಿನವನು ಅದನ್ನೇ ತಿರುಗಿ ಹೇಳಬೇಕು: “ನೀ ಇಳದಿ. ನಾ ಮುಟ್ಟಂಗಿಲ್ಲ.” ತಿರುಗಿ ಹೇಳದಿದ್ದರೆ ಇಳಿಯುವಂತಿಲ್ಲ. ಹೊರಬಂದವನು “ಮ್ಯಾಲ ಬಂದೆ” ಎನ್ನುವವರೆಗೆ ಚಕ್ರಕ್ಕೆ ಕೈ ಹಚ್ಚುವಂತಿಲ್ಲ.

ಆ ರೂಢಿಯನ್ನು ನಿಲ್ಲಿಸಿದವಳು ನಾನು. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ ಎಂದು ಸಾಹೇಬರಿಂದ ಸುತ್ತೋಲೆ ಹೊರಡಿಸಿದೆ. ಇಳಿಯುವವನು ಆ್ಯಪಿನಲ್ಲಿ ‘ಇಳಿದಿದ್ದೇನೆ’ ಒತ್ತಬೇಕು. ಮೇಲಿನವನ ಮೊಬೈಲಿನಲ್ಲಿ ಆ ಚೇಂಬರಿನ ಚುಕ್ಕೆ ಕೆಂಪಾಗುತ್ತದೆ. ಹಸಿರಿದ್ದರೆ ಮಾತ್ರ ವಾಲ್ ತೆಗೆಯಬೇಕು.

ಭರಮಪ್ಪ ಆಗಲೇ ಅಂದಿದ್ದ: “ಅಕ್ಕಾರ, ಮನಷ್ಯಾನ ಧ್ವನಿ ಕಿವ್ಯಾಗ ಬಿದ್ರ ಕೈ ತಾನ ಹಿಂದ ಸರಿತೈತ್ರಿ. ಬಣ್ಣಕ್ಕ ಹಂಗ ಆಗೂದಿಲ್ಲ.”

“ನೀ ಸುಮ್ನಿರೋ, ಹಳೇ ಪುರಾಣ ಹಚ್ಚಬ್ಯಾಡ” ಎಂದೆ.

ಒಂದಷ್ಟು ದಿನ ಎಲ್ಲ ಸರಿಯಿತ್ತು. ಆಮೇಲೆ ಆ್ಯಪ್ ನಿಧಾನ ಎಂಬ ದೂರು ಬರತೊಡಗಿತು. ಓದುವ ಪ್ರಶ್ನೆಗಳೂ ಬರೆಯುವ ಪ್ರಶ್ನೆಗಳೂ ಎಲ್ಲ ಅಥಣಿಯ ಮುಖಂಡನ ಹತ್ತಿರವೇ ಹೋಗುತ್ತಿದ್ದವು, ಅಥಣಿಯ ನೆಟ್ ಲೈನು ಹಂಗೋ ಹಿಂಗೋ. ಓದುವುದನ್ನೆಲ್ಲ ನನ್ನ ಪಕ್ಕದಲ್ಲೇ ಇದ್ದ ಚಿಕ್ಕೋಡಿಯ ನಕಲಿನ ಕಡೆಗೆ ತಿರುಗಿಸಿದೆ. ಎರಡು ಸಾಲಿನ ಬದಲಾವಣೆ. ಆ್ಯಪ್ ಪಟ್ ಎಂದು ತೆರೆಯತೊಡಗಿತು. ಮಗದುಮ್ಮ ಸಾಹೇಬರು ತಿಂಗಳ ಸಭೆಯಲ್ಲಿ ಎಲ್ಲರೆದುರು, “ಕಾಂಬಳೆ ಬಾಯಾರು ಕಮಾಲ್ ಮಾಡ್ಯಾರ” ಎಂದರು. ಚಪ್ಪಾಳೆ ಬಿತ್ತು. ನನ್ನ ಇಡೀ ನೌಕರಿಯಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದೆ.

ನಕಲು ಮುಖಂಡನಿಗಿಂತ ಸ್ವಲ್ಪ ಹಿಂದಿರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಉಪಾಯವೂ ಇದೆ. ಮುಖಂಡನ ಹತ್ತಿರ ಬರೆದ ಮೇಲೆ ಅವನೊಂದು ಗುರುತಿನ ಚೀಟಿ ಕೊಡುತ್ತಾನೆ. ಓದುವಾಗ ಆ ಚೀಟಿ ತೋರಿಸಿದರೆ, ನಕಲಿನ ಯಂತ್ರ ‘ತಡೆ, ಅಷ್ಟರವರೆಗೆ ನಾನಿನ್ನೂ ಬರೆದುಕೊಂಡಿಲ್ಲ’ ಎಂದು ಕಾಯುತ್ತದೆ, ಬರೆದುಕೊಂಡ ಮೇಲೇ ಉತ್ತರ ಕೊಡುತ್ತದೆ. ಚೀಟಿ ತೋರಿಸದಿದ್ದರೆ ತನ್ನಲ್ಲಿದ್ದ ಹಳೆಯದನ್ನೇ ಹೇಳುತ್ತದೆ, ಅದೂ ಅಳುಕಿಲ್ಲದೆ. ನಾನು ಚೀಟಿ ದಾಟಿಸುವುದನ್ನು ಬರೆಯಲಿಲ್ಲ. ಹಿಂದುಳಿದರೆ ಕಣ್ಣು ಮಿಟುಕಿಸುವಷ್ಟು ಹಿಂದುಳಿದೀತು, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ.

ನನ್ನ ನಿವೃತ್ತಿಗೆ ಏಳು ತಿಂಗಳಿದ್ದವು. ಒಂದು ಮುಂಜಾನೆ ಅಥಣಿ ಮತ್ತು ಚಿಕ್ಕೋಡಿ ನಡುವಿನ ಲೈನು ಕೆಟ್ಟು, ಬಿಟ್ಟು ಬಿಟ್ಟು ಬರುತ್ತಿತ್ತು. ಅಲಖನೂರಿನ ಕೆಳಗಿನ ಚೇಂಬರಿಗೆ ಧನಪಾಲ ಎಂಬ ವಾಲ್‌ಮನ್ ಇಳಿದ. ಇಳಿಯುವ ಮೊದಲು ಗುಂಡಿ ಒತ್ತಿದ. ಹೇಗೋ ಅದು ಅಥಣಿಗೆ ಮುಟ್ಟಿತು. ಅದಾದ ಕೂಡಲೇ ಲೈನು ಮತ್ತೆ ಹೋಯಿತು. ಚಿಕ್ಕೋಡಿಯ ನಕಲಿಗೆ ಆ ಸುದ್ದಿ ಬರಲೇ ಇಲ್ಲ. ನಾಲ್ಕು ನಿಮಿಷ ಕಳೆದು ಮೇಲಿನ ವಾಲಿನ ಹತ್ತಿರ ಭರಮಪ್ಪ ಮೊಬೈಲ್ ನೋಡಿದ. ಹಸಿರಿತ್ತು. ತೆಗೆದ.

ಧನಪಾಲನ ಕಾಲಿನ ಎಲುಬು ಎರಡು ಕಡೆ ಮುರಿಯಿತು. ಹೊಲದಲ್ಲಿದ್ದವರು ಎಳೆದು ತೆಗೆದದ್ದರಿಂದ ಜೀವ ಉಳಿಯಿತು.

ಮರುದಿನ ಸಾಹೇಬರು ದಾಖಲೆ ಕೇಳಿದರು. ನಾನೇ ಮುಖಂಡನ ಯಂತ್ರದಿಂದ ತೆಗೆದು, ಮುದ್ರಿಸಿ, ಸಹಿ ಮಾಡಿ ಕೊಟ್ಟೆ. ಅದರಲ್ಲಿ ಸ್ಪಷ್ಟವಾಗಿತ್ತು: ಕೆಂಪಾದದ್ದು ಮೊದಲು, ವಾಲ್ ತೆಗೆದದ್ದು ನಾಲ್ಕು ನಿಮಿಷ ಆಮೇಲೆ. ಭರಮಪ್ಪ, “ಇಲ್ರಿ, ನಾ ನೋಡಿದಾಗ ಹಸರ ಇತ್ತ್ರಿ” ಎಂದ. ಸಾಹೇಬರು ಕಾಗದ ತೋರಿಸಿ, “ಕಂಪ್ಯೂಟರಿನ್ಯಾಗ ಐತಲ್ಲ” ಎಂದರು. ಅವನನ್ನು ವಾಲಿನಿಂದ ತೆಗೆದು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ಕೂರಿಸಿದರು. ತಪ್ಪು ಅವನದೆಂದು ಆದರೆ ನೌಕರಿ ಹೋಗುತ್ತಿತ್ತು. ನಾನೂ ಅವತ್ತು ಅವನನ್ನು ನಂಬಲಿಲ್ಲ. ಗಡಬಡಿಯಲ್ಲಿ ನೋಡಿರಲಿಕ್ಕಿಲ್ಲ, ಪಾಪ, ಈಗ ಹೆದರಿ ಹೇಳುತ್ತಿದ್ದಾನೆ ಎಂದುಕೊಂಡೆ.

ಆದರೆ ಆ ಧ್ವನಿ ನನಗೆ ಗೊತ್ತಿತ್ತು. ಏಳು ವರ್ಷದಲ್ಲಿ ಅವನು ನನಗೆ ಸುಳ್ಳು ಹೇಳಿರಲಿಲ್ಲ. ಮೂರನೇ ದಿನ ನಡುವಿನ ಪ್ರೋಗ್ರಾಮಿನ ದಿನಚರಿ ತೆಗೆದು, ಒಂದೊಂದೇ ಸಾಲು ಕೂತು ನೋಡಿದೆ. ಯಾವ ಪ್ರಶ್ನೆ ಯಾವ ಯಂತ್ರಕ್ಕೆ ಹೋಯಿತು, ಏನು ಉತ್ತರ ಬಂತು ಎಂದು ಅದರಲ್ಲಿರುತ್ತದೆ. ಭರಮಪ್ಪನ ಪ್ರಶ್ನೆ ಚಿಕ್ಕೋಡಿಯ ನಕಲಿಗೆ ಹೋಗಿತ್ತು. ಬಂದ ಉತ್ತರ: ಖಾಲಿ. ಅಂದರೆ ಹಸಿರು.

ಆ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಯಾರಿಗೆ ಹೇಳಲಿ? ‘ನಕಲು ಹಿಂದುಳಿದಿತ್ತು’ ಎಂದರೆ ಅರ್ಥವಾಗುವವರು ಆ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ಅದೇ ನನಗೆ ಹೆದರಿಕೆಯೂ ಆಯಿತು, ಅದೇ ಅವಕಾಶವೂ ಆಯಿತು. ನಾನು ಹೇಳದಿದ್ದರೆ ಈ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಏಳು ತಿಂಗಳು. ಆ ಒಂದು ಚಪ್ಪಾಳೆ. ನೀವು ನನ್ನನ್ನು ಏನು ಬೇಕಾದರೂ ಅನ್ನಿ, ನಾನು ಸುಮ್ಮನಾದೆ.

ನಾಲ್ಕನೇ ದಿನ ಅವನ ಫೋನ್ ಬಂತು. ಧ್ವನಿ ಸಣ್ಣಗಾಗಿತ್ತು.

“ಅಕ್ಕಾರ, ಇನ್ನೊಮ್ಮೆ ನೋಡ್ರಿ. ಕಂಪ್ಯೂಟರಿನ್ಯಾಗ ಏನಾರ ಹೆಚ್ಚುಕಮ್ಮಿ ಆಗೈತೇನು. ನೀವ್ ನೋಡಿ ಇಲ್ಲ ಅಂದ್ರ ನಾ ನಂಬ್ತೀನ್ರಿ.”

“ನೋಡಾಕತ್ತೀನಿ ಭರಮಪ್ಪ” ಎಂದೆ.

“ಏನೂ ಸಿಕ್ಕಿಲ್ಲೇನ್ರಿ?”

“ಇಲ್ಲ. ಇನ್ನೂ ಏನೂ ಸಿಕ್ಕಿಲ್ಲ.”

“ಹಂಗಾದ್ರ ಇಲ್ಲ ಬಿಡ್ರಿ” ಎಂದು ಫೋನ್ ಇಟ್ಟ.

ಹನ್ನೆರಡನೇ ದಿನ ಸಾಹೇಬರ ಟೇಬಲಿನಿಂದ ಒಂದು ಕಾಗದ ನನ್ನ ಕೋಣೆಗೆ ಬಂತು, ಸ್ಕ್ಯಾನ್ ಮಾಡಿ ಕಡತಕ್ಕೆ ಸೇರಿಸಲು. ಭರಮಪ್ಪ ತನ್ನ ಕೈಯಿಂದ ಬರೆದು ಕೊಟ್ಟ ಹೇಳಿಕೆ. ‘ಮೊಬೈಲಿನಲ್ಲಿ ಕೆಂಪು ಇತ್ತು ಎಂದು ಕಂಪ್ಯೂಟರ್ ಹೇಳುತ್ತದೆ. ನನಗೆ ಹಸಿರು ಕಂಡಿತು. ಆದ್ದರಿಂದ ನನ್ನ ಕಣ್ಣಿನಲ್ಲಿ ದೋಷವಿದೆ ಎಂದು ಒಪ್ಪುತ್ತೇನೆ.’ ಕೆಳಗೆ ಸಹಿ. ಅಕ್ಷರ ಗುಂಡಗೆ, ಶಾಲೆಯ ಮಕ್ಕಳ ಅಕ್ಷರದಂತೆ. ಅವನ ಅಕ್ಷರವನ್ನು ನಾನು ಅವತ್ತೇ ಮೊದಲು ನೋಡಿದ್ದು. ಸ್ಕ್ಯಾನ್ ಮಾಡಲು ಗಾಜಿನ ಮೇಲೆ ಇಟ್ಟೆ, ಗುಂಡಿ ಒತ್ತಲು ಆಗಲಿಲ್ಲ.

ಮರುದಿನ ಸಾಹೇಬರ ಮುಂದೆ ಹೋಗಿ ನಿಂತೆ. ದಿನಚರಿಯ ಹಾಳೆಗಳನ್ನು ಇಟ್ಟು, ಬೆರಳು ಹಚ್ಚಿ ತೋರಿಸಿದೆ. ಸಾಹೇಬರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನಾವು ಪ್ರತ್ಯಕ್ಷ ಕಂಡಾವನ್ನ ಬಿಟ್ಟು ಕಾಗದ ನಂಬಿದ್ವಿ, ಅಲ್ಲೇನ್ರಿ?” ಎಂದರು. ಆಮೇಲೆ ದನಿ ತಗ್ಗಿಸಿ, “ಬಾಯಾರ, ಕಂಪ್ಯೂಟರ್ ತಪ್ಪ ಹೇಳತೈತಿ ಅಂತ ನಾಳೆ ಸಭಾದಾಗ ಹೇಳಿದ್ರ ಮುಂದ ಒಬ್ಬನೂ ಇದನ್ನ ನಂಬೂದಿಲ್ಲ. ನಿಮಗ ಇನ್ನ ಏಳ ತಿಂಗಳ ಐತಿ. ಅವನ ನೌಕರಿ ಉಳಸೂ ಜವಾಬ್ದಾರಿ ನಂದು, ಕಣ್ಣಿನ ಕಾರಣ ಹೇಳಿ ಬೇರೆ ಕೆಲಸ ಕೊಡ್ತೀನಿ. ಆತಲ್ಲ?” ಎಂದರು.

“ಆಗಲ್ರಿ ಸಾಹೇಬ್ರ. ಅವನ ಕಣ್ಣ ಚಲೋ ಅದಾವು” ಎಂದೆ.

ಬರೆದು ಕೊಟ್ಟೆ. ಸಭೆಯಲ್ಲಿ ಓದಿದರು. ಅರ್ಥವಾದವರು ಕಡಿಮೆ, ಆದರೆ ‘ತಪ್ಪು ನನ್ನದು’ ಎಂಬ ಸಾಲು ಎಲ್ಲರಿಗೂ ಅರ್ಥವಾಯಿತು. ಭರಮಪ್ಪನ ಮೇಲಿನ ವಿಚಾರಣೆ ಕೈಬಿಟ್ಟರು, ವಾಲ್ ಮತ್ತೆ ಕೊಟ್ಟರು. ನನಗೊಂದು ಮೆಮೊ ಬಂತು. ಅದೇ ವಾರ ಪ್ರೋಗ್ರಾಂ ಬದಲಿಸಿದೆ. ಜೀವಕ್ಕೆ ಸಂಬಂಧಿಸಿದ ಪ್ರಶ್ನೆ ಮುಖಂಡನಿಗೇ ಹೋಗುತ್ತದೆ, ನಿಧಾನವಾದರೆ ಆಗಲಿ. ಉಳಿದದ್ದನ್ನು ನಕಲಿನಿಂದ ಓದುವಾಗ ಚೀಟಿ ತೋರಿಸಿಯೇ ಓದುತ್ತದೆ. ಉತ್ತರ ಬರದಿದ್ದರೆ ಚುಕ್ಕೆ ಕೆಂಪು; ಗೊತ್ತಿಲ್ಲ ಎಂಬುದಕ್ಕೆ ಹಸಿರು ತೋರಿಸುವ ಹಕ್ಕು ಯಾವ ಪ್ರೋಗ್ರಾಮಿಗೂ ಇಲ್ಲ. ಮಾತು ಕೊಡುವ ರೂಢಿಯನ್ನೂ ಮತ್ತೆ ಕಡ್ಡಾಯ ಮಾಡಿಸಿದೆ. ಇಷ್ಟನ್ನು ಮೊದಲೇ ಮಾಡಲು ನನಗೆ ಒಂದು ದಿನ ಸಾಕಾಗುತ್ತಿತ್ತು.

ಆಮೇಲೆ ಧನಪಾಲನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. “ಯಾರ ತಪ್ಪಾದ್ರೇನ್ರಿ, ಕಾಲ ನಂದು” ಎಂದ.

ಅಲ್ಲಿಂದ ಅಲಖನೂರಿಗೆ ಹೋದೆ. ಭರಮಪ್ಪ ಬಸ್ ಸ್ಟಾಪಿನಲ್ಲೇ ನಿಂತಿದ್ದ. ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಮುಖಕ್ಕಿಂತ ಸಣ್ಣ ಮುಖ, ತಲೆ ಪೂರ್ತಿ ಬೆಳ್ಳಗಾಗಿತ್ತು. “ಬರ್ರಿ ಅಕ್ಕಾರ” ಎಂದು ಕೈಚೀಲ ಇಸಿದುಕೊಂಡ. ಮನೆಯೊಳಗೆ ಖುರ್ಚಿ ಹಾಕಿದ. ಅವನ ಹೆಂಡತಿ ಸುಶೀಲಾ ಚಾ, ಚೂಡಾ ತಂದಿಟ್ಟು ಎದುರಿಗೇ ಕೂತಳು. ಮನೆಯವರು ಕುಡಿಯುವಂಥ ಕಪ್ಪಿನಲ್ಲೇ ನನಗೂ ಚಾ ಕೊಟ್ಟಳು ಎಂಬುದನ್ನು ನಾನು ಗಮನಿಸಿದೆ. ಇಂಥವನ್ನು ಗಮನಿಸುವ ಚಟ ನನಗೆ ಹೋಗಿಲ್ಲ.

“ನೀವ್ ಬಂದದ್ದ ಭಾಳ ಚಲೋ ಆತ್ರಿ ಬಾಯಾರ” ಎಂದಳು ಸುಶೀಲಾ. “ಇವರ ತಲೀನ ಕೆಟ್ಟಿತ್ತ್ರಿ. ಹಾರೂಗೇರಿ ಕಣ್ಣಿನ ಡಾಕ್ಟರ್ ಏನೂ ಆಗಿಲ್ಲ ಅಂದ್ರೂ ನಂಬಲಿಲ್ಲ. ಅಡಗಿಮನಿಗಿ ಬಂದ ಮೆಣಸಿನಕಾಯಿ ಹಿಡದ, ಇದ ಯಾವ ಬಣ್ಣ ಹೇಳು, ಇದ ಯಾವ ಬಣ್ಣ ಹೇಳು ಅಂತ ಕೇಳಾವ್ರು. ನಾ ಹೇಳಿದ್ದಕ್ಕ ತಮಗ ಕಂಡದ್ದ ತಾಳೆ ಆದ್ರೂ, ನೀ ನನ್ನ ಸಮಾಧಾನಕ್ಕ ಹೇಳಾಕತ್ತಿ ಅನ್ನಾವ್ರು.”

ಭರಮಪ್ಪ ನಕ್ಕ. “ಏನ್ ಮಾಡೂದ್ರಿ ಅಕ್ಕಾರ. ಕಂಪ್ಯೂಟರ್ ಒಂದ ಹೇಳತೈತಿ, ನೀವೂ ನೋಡಿ ಏನೂ ಸಿಕ್ಕಿಲ್ಲ ಅಂದ್ರಿ. ಮತ್ತ ಉಳದದ್ದ ನನ್ನ ಕಣ್ಣ ಅಷ್ಟ ಅಲ್ರಿ?”

ನಾನು ಎಲ್ಲ ಹೇಳಿದೆ. ಮೂರು ಯಂತ್ರ, ಮುಖಂಡ, ನಕಲು, ಚೀಟಿ. ಅವನಿಗೆ ತಕ್ಷಣ ಅರ್ಥವಾಯಿತು. ಆಫೀಸಿನಲ್ಲಿ ಯಾರಿಗೂ ಆಗದ್ದು ಅವನಿಗೆ ಎರಡೇ ಮಾತಿಗೆ ಆಯಿತು. “ಅಂದ್ರ ಅಥಣ್ಯಾಗ ಕೆಂಪ ಆಗಿತ್ತು, ಚಿಕ್ಕೋಡಿಗಿ ಸುದ್ದಿ ಬಂದಿರಲಿಲ್ಲ. ಹಂಗಾದ್ರ ನಾ ನೋಡಿದ್ದ ಖರೇನ ಹಸರ ಇತ್ತ್ರಿ?”

“ಹೌದಪ್ಪ. ಹಸರ ಇತ್ತು.”

ಅವನು ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡ. ಸುಶೀಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಎದೆ ಹಗುರವಾಯಿತು. ಆಗ ಅವನು ಕೈ ಕೆಳಗಿಟ್ಟು ನನ್ನನ್ನು ನೋಡಿದ.

“ಅಕ್ಕಾರ, ನಾ ಫೋನ್ ಮಾಡಿದ್ನಲ್ಲ, ಇನ್ನೊಮ್ಮೆ ನೋಡ್ರಿ ಅಂತ. ಅವತ್ತ ನಿಮಗ ಗೊತ್ತಿತ್ತೇನ್ರಿ?”

ಇಲ್ಲ ಎನ್ನಬಹುದಿತ್ತು. ಅವನು ನಂಬುತ್ತಿದ್ದ.

“ಗೊತ್ತಿತ್ತು” ಎಂದೆ.

ಅವನು ಕಪ್ಪನ್ನು ನನ್ನ ಕಡೆ ಸರಿಸಿ, “ಚಾ ಆರಾಕತ್ತೈತಿ, ಕುಡೀರಿ” ಎಂದ. ಬಸ್ಸಿನವರೆಗೆ ಬಂದ. ಕೈಚೀಲ ಹಿಡಿದುಕೊಂಡೇ ಬಂದ, ಒಳಗೆ ಹತ್ತಿ ಸೀಟು ಹಿಡಿದು ಕೊಟ್ಟ, ಕಂಡಕ್ಟರಿಗೆ, “ಬಾಯಾರನ್ನ ಚಿಕ್ಕೋಡ್ಯಾಗ ಬರೋಬ್ಬರಿ ಇಳಸ್ರಿ” ಎಂದು ಹೇಳಿದ. ಬಸ್ಸು ಹೊರಡುವವರೆಗೆ ನಿಂತಿದ್ದ. ಒಂದೂ ಕೊಂಕು ಮಾತಾಡಲಿಲ್ಲ.

ಈ ಕೆಲಸಕ್ಕೆ ಬರುವವರೇ, ತಪ್ಪು ಎಲ್ಲರೂ ಮಾಡುತ್ತೀರಿ, ಅದಕ್ಕೆ ಹೆದರಬೇಡಿ. ನಾನು ಹದಿಮೂರನೇ ದಿನ ಹೇಳಿದ್ದನ್ನು ನೀವು ಮೂರನೇ ದಿನ ಹೇಳಿ.

ಆಮೇಲೂ ಅಲಖನೂರಿನಿಂದ ಫೋನ್ ಬರುತ್ತಿತ್ತು. ಆ್ಯಪ್ ಇದ್ದ ಮೇಲೆ ತೊಂದರೆ ಇದ್ದೇ ಇರುತ್ತದಲ್ಲ. ಆದರೆ ಮಾತಾಡುವವನು ಬೇರೆ ವಾಲ್‌ಮನ್. ಹಿಂದಿನಿಂದ ಭರಮಪ್ಪನ ಧ್ವನಿ ಕೇಳುತ್ತಿತ್ತು: “ವಾಲ್ ನಂಬರ್ ಹೇಳು. ಯಾವಾಗಿಂದ ಅಂತ ಹೇಳು.” ಪಕ್ಕದಲ್ಲೇ ಕೂತು ಎಲ್ಲ ಹೇಳಿಕೊಡುತ್ತಿದ್ದ. ನಾನು ಉತ್ತರವನ್ನು ಅವನಿಗೂ ಕೇಳಲೆಂದು ಜೋರಾಗಿ ಹೇಳುತ್ತಿದ್ದೆ. ಆರು ತಿಂಗಳು, ನಾನು ನಿವೃತ್ತಳಾಗುವ ದಿನದವರೆಗೆ, ಹೀಗೇ ಮಾತಾಡಿದೆವು.